ಬ್ರೇಕ್ ಎಳೆದಿದ್ದೆ

ಮೇ ೯, ಶುಕ್ರವಾರ

ಇದನ್ನು ಮೊದಲಿನಿಂದ ಬರೆದಿಡುತ್ತೇನೆ. ನನ್ನ ಸಿಟ್ಟು ಹಾಲಿನ ಹಾಗೆ. ಉಕ್ಕುವುದೂ ಬೇಗ, ಇಳಿಯುವುದೂ ಬೇಗ. ಈ ಸಲ ಇಳಿಯಬಾರದು. ಇಳಿಯಿತು ಅನ್ನಿಸಿದ ದಿನ ಈ ಪುಟ ತೆಗೆದು ಓದಿ ಮತ್ತೆ ಉರಿ ಹಚ್ಚಿಕೊಳ್ಳಬೇಕು.

ಏಪ್ರಿಲ್ ಕೊನೆಯ ಭಾನುವಾರ ಸೋಮವಾರಪೇಟೆಯಲ್ಲಿ ಸ್ಪಂದನಾಳ ಮದುವೆ. ಸ್ಪಂದನಾ ನನ್ನ ಚಿಕ್ಕಪ್ಪನ ಮಗ ಕಿರಣ್‌ಕುಮಾರನ ಮಗಳು. ಕಿರಣಣ್ಣ ಕುಶಾಲನಗರದಲ್ಲಿ ಶುಂಠಿ ವ್ಯಾಪಾರ ಮಾಡುತ್ತಾನೆ, ಲಾರಿ ಇಟ್ಟಿದ್ದಾನೆ, ನಾಲ್ಕು ಜನ ಸೇರಿದ ಕಡೆ ದೊಡ್ಡ ಮನುಷ್ಯ. ಮದುಮಗ ಛತ್ರಕ್ಕೆ ದೊಡ್ಡಜ್ಜನ ಕೆಂಪು ಕಾರಿನಲ್ಲೇ ಬರಬೇಕೆಂದು ಹುಡುಗಿ ಹಟ ಹಿಡಿದಳಂತೆ. ದೊಡ್ಡಜ್ಜ ಅಂದರೆ ನಮ್ಮಪ್ಪ ಶಾಂತಪ್ಪ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅಪ್ಪನಿಗೆ ಬಿಟ್ಟುಹೋದ ಕಾರು ಅದು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಸದ್ದು ಮಾತ್ರ ಹುಲಿಯದು. ಅಪ್ಪ ಹೋದ ಮೇಲೆ ಓಡಿಸುವವಳು ನಾನೇ. ಮೇಲಿನ ಕ್ಯಾನ್ವಾಸ್ ಹೊದಿಕೆಯನ್ನು ನನ್ನ ಟೈಲರಿಂಗ್ ಅಂಗಡಿಯ ಮಿಷನ್ನಿನಲ್ಲೇ ಹೊಲಿದಿದ್ದೇನೆ. ಮದುವೆಯಾಗದೆ ಅವ್ವನ ಜೊತೆ ಮಾದಾಪುರದಲ್ಲಿ ಉಳಿದ ಹೆಂಗಸು ಇಂಥ ಕಾರು ಓಡಿಸುವುದು ನಮ್ಮ ನೆಂಟರಲ್ಲಿ ಯಾರಿಗೂ ಅಷ್ಟಾಗಿ ಹಿಡಿಸಿದ್ದಿಲ್ಲ.

ಪಾಲಿಶ್ ಮಾಡಿಸುತ್ತೇನೆಂದು ಕಿರಣಣ್ಣ ಮದುವೆಗೆ ಮುಂಚೆ ಕಾರನ್ನು ತನ್ನ ಲಾರಿ ಶೆಡ್ಡಿಗೆ ಒಯ್ದು ಕೆಲವು ದಿನ ಇಟ್ಟುಕೊಂಡಿದ್ದ. ಮದುವೆ ದಿನ ಬೆಳಿಗ್ಗೆ ಕೈಗೆ ಸಿಕ್ಕಿತು. ಮದುಮಗನನ್ನು ಕೂರಿಸಿಕೊಂಡು ಹೋಗಿ ಛತ್ರದ ಮುಂದಿನ ಏರಿನಲ್ಲಿ ನಿಲ್ಲಿಸಿದೆ. ಆ ಕಾರನ್ನು ಗೇರಿನಲ್ಲಿ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಗೇರು ಹಿಡಿದುಕೊಂಡು ಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಬೇಕು. ಕಲ್ಲು ಕೊಟ್ಟೆ. ಹೂವಿನ ಕಾರಿನ ಪಕ್ಕ ಕಲ್ಲು ಅಸಹ್ಯವಾಗಿ ಕಾಣುತ್ತದೆಂದು ಫೋಟೋದವನು ತೆಗೆಸಿದ. ಅದಕ್ಕೇ ಮತ್ತೆ ಒಳಗೆ ಕೈ ಹಾಕಿ ಬ್ರೇಕನ್ನು ಇನ್ನೂ ಬಿಗಿಯಾಗಿ ಎಳೆದೆ. ಎಳೆದಿದ್ದೆ. ಈ ಕೈ, ಈ ಬಲಗೈಯಲ್ಲೇ.

ಕಾರು ಹಿಂದಕ್ಕೆ ಜಾರಿತು. ಅವ್ವ ಕೆಳಗೆ ಚಪ್ಪರದ ಕಂಬದ ಪಕ್ಕ ನಿಂತು ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದಳು. ಕಂಬಕ್ಕೂ ಕಾರಿಗೂ ನಡುವೆ ಅವಳ ಕಾಲು ಸಿಕ್ಕಿತು. ಯಾರೋ ಒಳಗೆ ಹಾರಿ, ಬ್ರೇಕ್ ಬಿಟ್ಟು, ಎಲ್ಲರೂ ಸೇರಿ ಕಾರನ್ನು ಮೇಲಕ್ಕೆ ತಳ್ಳಿದರು. ಆಮೇಲೆ ಬಂದ ಕಿರಣಣ್ಣ ಒಳಗೆ ಬಗ್ಗಿ ನೋಡಿ, ಇಡೀ ಮದುವೆಗೆ ಕೇಳುವಂತೆ ಕೂಗಿದ. “ಹ್ಯಾಂಡ್ ಬ್ರೇಕೇ ಎಳ್ದಿಲ್ಲ ಇವ್ಳು! ಕೆಳಗೇ ಐತೆ ನೋಡಿ! ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ? ಹೆತ್ತ ತಾಯಿ ಕಾಲೇ ಮುರಿದ್ಲು!”

ನನ್ನ ಮಾತನ್ನು ಯಾರೂ ಕೇಳಲಿಲ್ಲ. ಆಸ್ಪತ್ರೆಗೆ ಹೋಗುವಾಗ “ಎಳೆದಿದ್ದೆ ಅವ್ವ” ಎಂದೆ. ಅವಳೊಬ್ಬಳೇ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, “ನನ್ನ ಮಗಳು ಎಳೆದಿದ್ಲು” ಎಂದಳು. ಈಗ ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಾಳೆ. ನೋಡಲು ಬರುವ ನೆಂಟರೆಲ್ಲ ಅವಳಿಗೆ ಹಣ್ಣು, ನನಗೆ ಬುದ್ಧಿಮಾತು ತಂದುಕೊಡುತ್ತಿದ್ದಾರೆ.

ಜೂನ್ ಎಂಟಕ್ಕೆ ಕಿರಣಣ್ಣನ ಹೊಸ ಮನೆಯ ಗೃಹಪ್ರವೇಶ. ಅದೇ ಜನ ಬರುತ್ತಾರೆ. ಅಷ್ಟರೊಳಗೆ ಆ ಬ್ರೇಕನ್ನು ನಾನೇ ಬಿಚ್ಚಿ ಏನು ಕೆಟ್ಟಿತ್ತು ಅಂತ ಕಂಡುಹಿಡಿಯುತ್ತೇನೆ, ಸರಿ ಮಾಡುತ್ತೇನೆ, ಅದೇ ಕಾರಿನಲ್ಲಿ ಅವನ ಮನೆ ಮುಂದೆ ಹೋಗಿ ಇಳಿಯುತ್ತೇನೆ. “ಸುಧಾ ಎಳೆದಿದ್ಲು, ತಪ್ಪು ನನ್ನದು” ಎಂದು ಅವನ ಬಾಯಲ್ಲೇ ಎಲ್ಲರ ಮುಂದೆ ಹೇಳಿಸದಿದ್ದರೆ ನಾನು ಶಾಂತಪ್ಪನ ಮಗಳಲ್ಲ.

ಮೇ ೧೧, ಭಾನುವಾರ

ಗ್ಯಾರೇಜಿನ ರಾಜುವನ್ನು ಕರೆಸಿದೆ. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ, ಮುಟ್ಟಲಿಲ್ಲ. “ಅಕ್ಕಾ, ಇದನ್ನ ಬಿಚ್ಚೋದು ಬಿಚ್ತೀನಿ, ವಾಪಸ್ ಕೂರ್ಸೋಕೆ ನಂಗೆ ಬರಲ್ಲ. ಒಂದು ಸ್ಪ್ರಿಂಗ್ ಹೋದ್ರೂ ಲಂಡನ್ನಿಂದ ಬರ್ಬೇಕು. ಚೆನ್ನಾಗ್ ತೊಳ್ದು ಮನೆ ಮುಂದೆ ನಿಲ್ಸಿ ಸಾಕು. ಹೋಂಸ್ಟೇಗೆ ಬಂದವ್ರು ಫೋಟೋ ಹೊಡ್ಕೊಂಡು ಹೋಗ್ತಾರೆ” ಎಂದ. ಒಳ್ಳೆಯದೇ ಆಯಿತು. ಬೇರೆಯವರ ಕೈ ಬಿದ್ದರೆ ಸಾಕ್ಷಿ ಕೆಡುತ್ತದೆ.

ಮೊಬೈಲಿನಲ್ಲಿ ಒಬ್ಬ ಬಿಳಿ ಗಡ್ಡದ ಇಂಗ್ಲಿಷಿನವನು ಇಂಥದೇ ಕಾರಿನ ಬ್ರೇಕ್ ಬಿಚ್ಚುವುದನ್ನು ನೋಡಿದೆ. ಅವನ ಮಾತು ಅರ್ಧ ತಿಳಿಯಲಿಲ್ಲ, ಕೈ ಪೂರ್ತಿ ತಿಳಿಯಿತು. ಅಂಥ ಬ್ರಹ್ಮವಿದ್ಯೆಯೇನೂ ಅಲ್ಲ. ಕಾಲಿನ ಬ್ರೇಕ್ ನಾಲ್ಕೂ ಚಕ್ರವನ್ನು ಹಿಡಿಯುತ್ತದೆ. ಕೈಬ್ರೇಕ್ ಹಿಂದಿನ ಎರಡನ್ನು ಮಾತ್ರ. ಸೀಟುಗಳ ನಡುವಿನ ಲಿವರ್ ಎಳೆದರೆ ಕೆಳಗಿನ ಕೇಬಲ್ ಬಿಗಿಯಾಗುತ್ತದೆ, ಅದು ಚಕ್ರದ ಡ್ರಮ್ಮಿನ ಒಳಗೆ ಎರಡು ಅರ್ಧಚಂದ್ರದಂಥ ಶೂಗಳನ್ನು ಅಗಲಿಸುತ್ತದೆ, ಶೂ ಹೋಗಿ ಡ್ರಮ್ಮನ್ನು ಕಚ್ಚಿ ಹಿಡಿಯುತ್ತದೆ. ಮಿಷನ್ನಿನ ದಾರದ ಬಿಗಿ ಸರಿಮಾಡುವ ನನಗೆ ಇಷ್ಟು ಅರ್ಥವಾಗದೇ?

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜಾಕ್ ಮೇಲೆತ್ತಿ, ಅಡಿಗೆ ಸಿಲ್ವರ್ ಓಕ್ ದಿಮ್ಮಿ ಇಟ್ಟೆ. ಅವ್ವ ಕಿಟಕಿಯಿಂದ ನೋಡುತ್ತಿದ್ದಳು. “ಸೀರೆ ಸೆರಗು ಕಟ್ಕೊಳ್ಳೇ” ಎಂದು ಕೂಗಿದಳು. ನಾನು ಹಾಕಿದ್ದು ಅಪ್ಪನ ಪ್ಯಾಂಟು.

ಕೇಬಲ್ ನೋಡಿದೆ, ಗಟ್ಟಿಯಾಗಿದೆ. ಲಿವರಿನ ಹಲ್ಲುಗಳೂ ಸವೆದಿಲ್ಲ. ಹಾಗಾದರೆ ಕೇಡು ಡ್ರಮ್ಮಿನ ಒಳಗಿದೆ.

ಮೇ ೧೪, ಬುಧವಾರ

ಡ್ರಮ್ ಬರಲೊಲ್ಲದು ಅಂತ ಮೂರು ದಿನದಿಂದ ಹಟ ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು ನೆನೆಸಿದೆ, ಮರದ ಸುತ್ತಿಗೆಯಲ್ಲಿ ಸುತ್ತ ಬಡಿದೆ. ಪ್ರತಿ ಏಟಿಗೂ ಕಿರಣಣ್ಣನ ಮುಖ ನೆನೆಸಿಕೊಂಡೆ. ಇವತ್ತು ಅಂಗಡಿ ಮುಚ್ಚಿ ಬಂದವಳು ಒಂದು ಕೊಟ್ಟೆ ನೋಡಿ, ಕಳಚಿ ಕೈಗೇ ಬಂತು.

ಒಳಗೆ ಒಣ ಧೂಳಿರಬೇಕಿತ್ತು. ಎಣ್ಣೆ! ಶೂಗಳ ಮೇಲಿನ ಲೈನರ್, ಅಂದರೆ ಡ್ರಮ್ಮನ್ನು ಕಚ್ಚಿ ಹಿಡಿಯಬೇಕಾದ ಪಟ್ಟಿ, ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಬೆರಳಿನಲ್ಲಿ ಒರೆಸಿ ಮೂಸಿದೆ. ಇಂಜಿನ್ನಿನಿಂದ ತೆಗೆದ ವೇಸ್ಟ್ ಆಯಿಲ್, ಅದಕ್ಕೆ ಡೀಸೆಲ್ ಬೆರೆಸಿದ್ದು. ಆ ಕಡೆಯ ಚಕ್ರವನ್ನೂ ಬಿಚ್ಚಿದೆ. ಅಲ್ಲೂ ಅದೇ. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದರೆ ಕಾರಿನ ತಳವೆಲ್ಲ ಎಣ್ಣೆಮಯ.

ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲಿ ಅಂತ ಗಾಡಿಯ ತಳಕ್ಕೆ ಈ ಎಣ್ಣೆ ಹೊಡೆಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಜೀಪಿಗೂ ಹೊಡೆಸುತ್ತಾರೆ, ಲಾರಿಗೂ ಹೊಡೆಸುತ್ತಾರೆ. ಅಪ್ಪನೂ ಹೊಡೆಸುತ್ತಿದ್ದರು. ಆದರೆ ಅವರು ಮೊದಲು ನಾಲ್ಕು ಚಕ್ರಕ್ಕೂ ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಬ್ರೇಕಿನ ಹಿಂದಿನ ತಗಡಿನಲ್ಲಿ ಒಂದು ತೂತಿದೆ, ಅದರ ರಬ್ಬರ್ ಮುಚ್ಚಳ ಯಾವತ್ತೋ ಬಿದ್ದುಹೋಗಿದೆ. ಚೀಲ ಕಟ್ಟದೆ ಹೊಡೆದರೆ ಎಣ್ಣೆ ಸೀದಾ ಒಳಗೆ. ಆಮೇಲೆ ಲಿವರನ್ನು ಆಕಾಶಕ್ಕೆ ಎಳೆದರೂ ಶೂ ಹಿಡಿಯುವುದು ಸೋಪಿನ ಕೈಯಲ್ಲಿ ಲೋಟ ಹಿಡಿದ ಹಾಗೆ. ಮುಂದಿನ ಬ್ರೇಕ್ ಚೆನ್ನಾಗಿದ್ದುದರಿಂದ ಓಡಿಸುವಾಗ ನನಗೆ ಗೊತ್ತೇ ಆಗಲಿಲ್ಲ.

ಅಪ್ಪ ಹೋದ ಮೇಲೆ ನಾನು ಒಂದು ವರ್ಷವೂ ಹೊಡೆಸಿಲ್ಲ. ಹಾಗಾದರೆ ಹೊಡೆದವರು ಯಾರು? ಕಾರು ಯಾರ ಲಾರಿ ಶೆಡ್ಡಿನಲ್ಲಿತ್ತು?

ಸಿಕ್ಕಿಬಿದ್ದೆ ಕಿರಣಣ್ಣ. ಲಾರಿಗೆ ಹೊಡೆದ ಹಾಗೆ ಹೊಡೆಸಿ, ತಪ್ಪನ್ನು ನನ್ನ ತಲೆಗೆ ಕಟ್ಟಿದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಎಲೆ ಹಾಕುವವಳು ನಾನೇ.

ಕೈ ತೊಳೆಯದೆಯೇ ಅವ್ವನ ಹತ್ತಿರ ಓಡಿದೆ. “ಅವ್ವಾ, ಸಾಕ್ಷಿ ಸಿಕ್ತು!”

“ಏನೇ ಅದು?”

“ಈಗ ಹೇಳಲ್ಲ. ಗೃಹಪ್ರವೇಶದ ದಿನ ಎಲ್ಲರ ಜೊತೆ ನೀನೂ ಕೇಳು.”

“ಹಂಗೇ ಮಾಡು. ನನ್ನ ಮಗಳು ಸುಳ್ಳಿ ಅಲ್ಲ ಅಂತ ಊರಿಗೇ ಗೊತ್ತಾಗ್ಲಿ” ಎಂದಳು. ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಬಿದ್ದಾಗಿನಿಂದ ಹೀಗೆ ಉಂಡಿರಲಿಲ್ಲ.

ಮೇ ೧೬, ಶುಕ್ರವಾರ

ಕಿರಣಣ್ಣನ ಹೆಂಡತಿ ಗೃಹಪ್ರವೇಶದ ರೇಷ್ಮೆ ಬ್ಲೌಸನ್ನು ನನಗೇ ಹೊಲಿಯಲು ಕಳಿಸಿದ್ದಾಳೆ. ಎಷ್ಟು ಧೈರ್ಯ! “ನಿನ್ನ ಹೊಲಿಗೆ ಬಿಟ್ರೆ ಬೇರೆಯವ್ರದ್ದು ಕೂರಲ್ಲ ಕಣೇ” ಅಂತ ಫೋನಿನಲ್ಲಿ ಬೆಣ್ಣೆ ಬೇರೆ. ಕಂಕುಳ ಹತ್ತಿರ ಅರ್ಧ ಇಂಚು ಬಿಗಿ ಕೊಟ್ಟು ಹೊಲಿದಿದ್ದೇನೆ. ಅವತ್ತು ಬಂದವರಿಗೆಲ್ಲ ಕೈ ಎತ್ತಿ ನಮಸ್ಕಾರ ಮಾಡಲಿ, ನೋಡೋಣ.

ಮೇ ೨೦, ಮಂಗಳವಾರ

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ ಪ್ರಯೋಜನವಿಲ್ಲ, ಕುಡಿದದ್ದನ್ನು ಕಕ್ಕುವುದಿಲ್ಲ. ನಾಲ್ಕೂ ಶೂಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಹಳೆಯ ಲೈನರ್ ಕಿತ್ತು ಹೊಸದು ಅಂಟಿಸಿಕೊಡುವ ಅಂಗಡಿ ಅಲ್ಲಿದೆ. “ಕಿತ್ತದ್ದನ್ನ ಬಿಸಾಡಬೇಡಿ, ನಂಗೆ ಬೇಕು” ಎಂದೆ. ಅಂಗಡಿಯವನು ನನ್ನ ಮುಖ ನೋಡಿದ. “ಇದ್ಯಾವ ಪ್ರಸಾದಾನಮ್ಮ?” ಎಂದ. ಪ್ರಸಾದವೇ. ಹಂಚಲಿಕ್ಕಿದೆ.

ಬಸ್ಸಿನಲ್ಲಿ ಬರುತ್ತಾ ಎಲ್ಲ ಲೆಕ್ಕ ಹಾಕಿದೆ. ಮೊದಲ ಪಂಕ್ತಿಯಲ್ಲಿ ಕೂರಬಾರದು, ಆಗ ಅವನು ಬಡಿಸುವ ಗಡಿಬಿಡಿಯಲ್ಲಿರುತ್ತಾನೆ. ಕೊನೆಯ ಪಂಕ್ತಿಯಲ್ಲಿ ಮನೆಯವರೆಲ್ಲ ಕೂರುತ್ತಾರೆ. ಕಿರಣಣ್ಣನ ಎಲೆಗೆ ಹೋಳಿಗೆ ಬೀಳಬೇಕು, ತುಪ್ಪ ಬೀಳಬೇಕು, ಅವನು ಕೈ ಹಾಕಬೇಕು, ಆಗ ನಾನು ಎದ್ದು ಹೋಗಿ ಹೋಳಿಗೆಯ ಪಕ್ಕ ಈ ಕಪ್ಪು ಪಟ್ಟಿಗಳನ್ನು ಇಡಬೇಕು. “ಇದು ನಿನ್ನ ಶೆಡ್ಡಿನ ಪಾಕ ಅಣ್ಣಾ, ರುಚಿ ನೋಡು” ಎನ್ನಬೇಕು. ಈ ಮಾತನ್ನು ಅಂಗಡಿಯಲ್ಲಿ ಕಾಜಾ ಹೊಲಿಯುತ್ತಾ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಒಮ್ಮೆ ಗಟ್ಟಿಯಾಗಿ ಹೇಳಿಬಿಟ್ಟೆ, ಅಳತೆ ಕೊಡಲು ಬಂದಿದ್ದ ಹುಡುಗಿ ಬೆಚ್ಚಿಬಿದ್ದಳು.

ಅವ್ವನಿಗೂ ಹುಮ್ಮಸ್ಸು. ನೋಡಲು ಬಂದವರಿಗೆಲ್ಲ, “ತಡೀರಿ, ಜೂನ್ ಎಂಟಕ್ಕೆ ಗೊತ್ತಾಗುತ್ತೆ” ಎನ್ನುತ್ತಿದ್ದಾಳೆ. ಏನು ಗೊತ್ತಾಗುತ್ತದೆಂದು ಅವಳಿಗೇ ಗೊತ್ತಿಲ್ಲ.

ಮೇ ೨೫, ಭಾನುವಾರ

ಬೆಳಿಗ್ಗೆಯಿಂದ ಮಳೆ. ಏನೂ ಬರೆಯಲಾರೆ.

ಮೇ ೨೬, ಸೋಮವಾರ

ನಿನ್ನೆ ಮಧ್ಯಾಹ್ನ ಅವ್ವನಿಗೆ ಕಾಫಿ ಕೊಟ್ಟು ಕಿಟಕಿ ಹಾಕುತ್ತಿದ್ದೆ. ಗಾಳಿ ಹೊಡೆತಕ್ಕೆ ಮಳೆ ನಮ್ಮ ಶೆಡ್ಡಿನ ಒಳಗೇ ನುಗ್ಗುತ್ತಿತ್ತು. “ಕಾರಿನ ತಳ ತುಕ್ಕು ಹಿಡಿಯುತ್ತೆ” ಎಂದು ಗೊಣಗಿದೆ.

“ಹಿಡಿಯಲ್ಲ ಬಿಡು, ಎಷ್ಟಾದ್ರೂ ಸುರೀಲಿ” ಎಂದಳು ಅವ್ವ, ಕಾಫಿ ಕುಡಿಯುತ್ತಾ. “ಕಿರಣ ಗಾಡಿ ತಗಂಡೋಗೋ ಹಿಂದಿನ ದಿನ ನಾನು ಬೀರನ್ನ ಕರೆಸಿ ಎಣ್ಣೆ ಹೊಡ್ಸಿದೀನಿ.”

ಬೀರ ಪಕ್ಕದ ಎಸ್ಟೇಟಿನ ಕೂಲಿ ಲೈನಿನವನು. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು ಬೆನ್ನಿಗೆ ಹಾಕಿಕೊಂಡು ಬಂದಿದ್ದನಂತೆ.

“ನಿಮ್ಮಪ್ಪ ಇದ್ದಾಗ ಒಂದು ವರ್ಷ ತಪ್ಸಿದವ್ರಲ್ಲ. ನೀನು ಅಂಗಡಿ ಅಂಗಡಿ ಅಂತ ಮರೆತೇ ಬಿಟ್ಟಿದ್ದೆ. ನೀನು ಅತ್ಲಾಗೆ ಹೋದ ಮೇಲೆ ಕುರ್ಚಿ ಹಾಕ್ಕಂಡು ಮುಂದೆ ಕೂತು ಹೊಡ್ಸಿದೆ. ಬೀರ ಮೇಲೆ ಮೇಲೆ ಹೊಡ್ದು ಮುಗಿಸ್ತಿದ್ದ. ಚಕ್ರಕ್ಕೂ ಹೊಡಿಯೋ, ಒಳಗೆ ಇಳಿಯೋ ಹಂಗೆ ಹೊಡಿಯೋ ಅಂದೆ. ಹೇಳಿದ್ರೆ ಸುಮ್ನೆ ಖರ್ಚು ಅಂತ ಬೈತೀಯ ಅಂತ ನಿಂಗೆ ಹೇಳ್ಲಿಲ್ಲ.” ಆಮೇಲೆ ನನ್ನ ಮುಖ ನೋಡಿ, “ಯಾಕೇ, ಸರಿ ಮಾಡ್ಲಿಲ್ವ ನಾನು?” ಎಂದಳು.

“ಸರಿ ಮಾಡಿದೆ ಅವ್ವ” ಎಂದೆ.

ಶೆಡ್ಡಿಗೆ ಹೋಗಿ ಬಿಚ್ಚಿಟ್ಟ ಡ್ರಮ್ಮಿನ ಮೇಲೆ ಕೂತೆ. ಮೊದಲು ಅವ್ವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಕಿರಣಣ್ಣನ ಮೇಲೆ ಇನ್ನೂ ಹೆಚ್ಚು ಬಂತು. ನನ್ನ ಸಾಕ್ಷಿಯನ್ನೇ ಕಿತ್ತು ಕೆಸರಿಗೆ ಎಸೆದ ಹಾಗಾಯಿತು. ಅವನು ತಪ್ಪು ಮಾಡಿರದಿದ್ದರೇನು? ಮಾತು ಆಡಿದ್ದು ಅವನೇ ತಾನೇ? ಪಟ್ಟಿಗಳು ನನ್ನ ಹತ್ತಿರ ಇವೆ. ಎಣ್ಣೆ ಹೊಡೆದದ್ದು ಯಾರೆಂದು ಬೀರ ಹೇಳಲು ಬರುವುದಿಲ್ಲ. ಹೋಳಿಗೆಯ ಪಕ್ಕ ಇಟ್ಟೇ ಇಡುತ್ತೇನೆ ಅಂದುಕೊಂಡೆ.

ಆದರೆ ಅವ್ವನೂ ಅದೇ ಪಂಕ್ತಿಯಲ್ಲಿರುತ್ತಾಳೆ. “ಎಣ್ಣೆ” ಎಂದು ನಾನು ಬಾಯಿ ಬಿಟ್ಟ ತಕ್ಷಣ, “ಅದು ನಾನು ಹೊಡ್ಸಿದ್ದಲ್ವೇ” ಅಂತ ಅವಳೇ ಹೇಳುತ್ತಾಳೆ, ಹೆಮ್ಮೆಯಿಂದ ಹೇಳುತ್ತಾಳೆ. ಹೇಳಿದ ಮೇಲೆ ಅವಳಿಗೇ ಅರ್ಥವಾಗುತ್ತದೆ. ಕಾಲು ಮುರಿದದ್ದನ್ನು ಹೇಗೋ ನುಂಗಿಕೊಳ್ಳುತ್ತಾಳೆ. ಮಗಳಿಗೆ ಆ ಮಾತು ಬರಲು ತಾನೇ ಕಾರಣ ಅಂತ ಗೊತ್ತಾದರೆ ನುಂಗಿಕೊಳ್ಳುವವಳಲ್ಲ. ಅಪ್ಪನ ಕಾರನ್ನು ಅಪ್ಪನ ಹಾಗೆ ನೋಡಿಕೊಂಡೆ ಅಂತ ಅವಳಿಗಿರುವ ಸಂತೋಷ ಅದೊಂದೇ.

ಹೋಗಲಿ. ಪಟ್ಟಿ ಬೇಡ. ಸೇಡಿಗೆ ಬೇರೆ ದಾರಿ ಹುಡುಕುತ್ತೇನೆ.

ಜೂನ್ ೧, ಭಾನುವಾರ

ಬ್ರೇಕ್ ಕೂರಿಸಿ ಆಯಿತು. ಬಿಚ್ಚುವುದು ಸುಲಭ, ಆ ಸ್ಪ್ರಿಂಗುಗಳನ್ನು ಮತ್ತೆ ಸಿಕ್ಕಿಸುವುದು ಅತ್ತೆಮನೆ ಕಾಟಕ್ಕಿಂತ ಹೆಚ್ಚು ಅಂತ ಕಾಣುತ್ತದೆ. ಒಂದು ಸ್ಪ್ರಿಂಗ್ ಸಿಡಿದು ಹೆಬ್ಬೆರಳು ಹರಿಯಿತು, ಇನ್ನೊಂದು ಹಾರಿ ಸೌದೆ ರಾಶಿಯೊಳಗೆ ಹೋಯಿತು. ಲಂಡನ್ನಿಗೆ ಹೋಗುವ ಬದಲು ಸೌದೆಯನ್ನೆಲ್ಲ ಇಳಿಸಿ ಹುಡುಕಿದೆ, ಸಿಕ್ಕಿತು. ತಗಡಿನ ತೂತಿಗೆ ಹಳೆಯ ಚಪ್ಪಲಿಯ ರಬ್ಬರ್ ಕತ್ತರಿಸಿ ಮುಚ್ಚಳ ಮಾಡಿ ಜಡಿದೆ. ಕೊನೆಗೆ ಕೇಬಲ್ ಬಿಗಿ. ಹೆಚ್ಚು ಬಿಗಿದರೆ ಓಡುವಾಗಲೂ ಚಕ್ರ ಹಿಡಿಯುತ್ತದೆ, ಕಡಿಮೆಯಾದರೆ ನಿಂತಾಗ ಹಿಡಿಯುವುದಿಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಕಿವಿಗೊಟ್ಟು ಕೇಳಿದೆ. ಸದ್ದಿಲ್ಲದೆ ತಿರುಗಿತು. ಲಿವರ್ ಎಳೆದೆ, ನಿಂತೇಬಿಟ್ಟಿತು. ಎಷ್ಟು ಹೊತ್ತು ತಿರುಗಿಸಿ ನಿಲ್ಲಿಸಿ ಮಾಡಿದೆನೋ, ಅವ್ವ ಒಳಗಿಂದ ಕರೆಯುತ್ತಿದ್ದುದು ಕೇಳಲಿಲ್ಲ.

ಅತ್ತಿಗೆಯ ಬ್ಲೌಸ್ ಬಿಚ್ಚಿ ಕಂಕುಳ ಸರಿ ಮಾಡಿದೆ. ಅವಳ ಮೇಲಿನ ಕನಿಕರದಿಂದಲ್ಲ. ಬಿಗಿಯಾದರೆ ನನ್ನ ಅಂಗಡಿಯ ಹೆಸರು ಕೆಡುತ್ತದೆ.

ಜೂನ್ ೫, ಗುರುವಾರ

ಮಳೆ ಬಿಟ್ಟಿತ್ತು. ಮನೆ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಬ್ರೇಕ್ ಎಳೆದು ಇಳಿದೆ. ಕಲ್ಲು ಕೊಡಲಿಲ್ಲ. ಹಿಂದೆ ನಿಂತು ನೋಡಿದೆ, ಅಲುಗಾಡಲಿಲ್ಲ. ಬೆನ್ನು ಕೊಟ್ಟು ತಳ್ಳಿದೆ, ಆಗಲೂ ಇಲ್ಲ. ಅಪ್ಪ ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ, ಮೀಸೆ ಅಡಿಯಲ್ಲಿ ನಗುತ್ತಿದ್ದರು. ನನಗೆ ಅಳು ಬಂತು.

ಆ ಎಣ್ಣೆ ಪಟ್ಟಿಗಳನ್ನು ಬಚ್ಚಲ ಒಲೆಗೆ ಹಾಕಿದೆ. ಮನೆಯೆಲ್ಲ ನಾತ. “ಏನೇ ಸುಡ್ತಿದ್ದೀಯ?” ಎಂದಳು ಅವ್ವ. “ಹಳೇ ರಬ್ಬರು” ಎಂದೆ.

ಕಿರಣಣ್ಣನ ಮೇಲಿನ ಸಿಟ್ಟು ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ. ಮೊದಲ ಪುಟ ಓದಿದೆ, ಚೆನ್ನಾಗಿ ಉರಿಯಿತು. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೃಹಪ್ರವೇಶಕ್ಕೆ ಹೋಗುತ್ತೇನೆ, ಉಣ್ಣುತ್ತೇನೆ, ಅವನ ಜೊತೆ ಮಾತಾಡುವುದಿಲ್ಲ. ಏನೂ ಹೇಳುವುದಿಲ್ಲ, ಆದರೆ ತಪ್ಪು ನನ್ನದು ಅಂತ ಸತ್ತರೂ ಒಪ್ಪುವುದಿಲ್ಲ. ಇಷ್ಟನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಜೂನ್ ೮, ಭಾನುವಾರ

ಎಲ್ಲ ಮುಗಿದು ಮನೆಗೆ ಬಂದು ಕೂತಿದ್ದೇನೆ. ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ.

ಕೆಂಪು ಕಾರಿನಲ್ಲೇ ಹೋದೆವು. ಕಾಲು ಉದ್ದಕ್ಕೆ ಚಾಚಿ ಕೂರಲು ಪ್ಲಾಸ್ಟರ್ ಕಾಲಿಗೆ ಅದೇ ಸರಿಯಾಯಿತು. ದಾರಿಯುದ್ದಕ್ಕೂ ಅವ್ವ ಮದುವೆಗೆ ಹೊರಟ ಹುಡುಗಿಯ ಹಾಗಿದ್ದಳು. ಗುಡ್ಡೆಹೊಸೂರಿನ ಹತ್ತಿರ ದಿಬ್ಬದ ಮೇಲೆ ಕಿರಣಣ್ಣನ ಹೊಸ ಮನೆ. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಎಳೆದೆ. ಅಂಗಳದಲ್ಲಿದ್ದವರೆಲ್ಲ ಕಾರಿನ ಹಿಂದಿನಿಂದ ದೂರ ಸರಿದರು. ಒಬ್ಬರಂತೂ ಮಗುವನ್ನು ಎತ್ತಿಕೊಂಡು ಸರಿದರು. ಸಹಿಸಿಕೊಂಡೆ.

ಪೂಜೆ ಆಯಿತು, ಊಟ ಆಯಿತು. ಮಾತಾಡದೆಯೇ ಮುಗಿಸಿದೆ. ಎಲೆಅಡಿಕೆಗೆ ಎಲ್ಲರೂ ಹಜಾರದಲ್ಲಿ ಕೂತಾಗ ಕಿರಣಣ್ಣ ಬಂದು ಅವ್ವನ ಪಾದ ಮುಟ್ಟಿದ. “ಊಟ ಆಯ್ತಾ ದೊಡ್ಡವ್ವ?”

“ಆಯ್ತು. ಈಗ ನನ್ನದೊಂದು ಮಾತೈತೆ” ಎಂದಳು ಅವ್ವ, ಸೂರು ಹಾರುವ ಹಾಗೆ. “ಅವತ್ತು ಇಷ್ಟೇ ಜನದ ಮುಂದೆ ನನ್ನ ಮಗಳಿಗೆ ಅಂದೆ. ಇವತ್ತು ಇಷ್ಟೇ ಜನದ ಮುಂದೆ ಕೇಳು. ಅವಳು ಬ್ರೇಕ್ ಎಳೆದಿದ್ಲು. ತಾನೇ ಗಾಡಿ ಬಿಚ್ಚಿ ನೋಡವ್ಳೆ. ಏಳೇ ಸುಧಾ, ಒಳಗೆ ಏನು ಸಿಕ್ತು ಹೇಳು.”

“ಇವತ್ತು ಬೇಡ ಬಿಡು ಅವ್ವ” ಎಂದೆ.

“ಯಾಕೆ ಬೇಡ? ಸಾಕ್ಷಿ ಸಿಕ್ತು ಅಂತ ಕುಣಿದಾಡಿದ್ಯಲ್ಲ. ಎಲ್ಲರ ಜೊತೆ ಕೇಳು ಅಂದ್ಯಲ್ಲ. ಕೇಳಕ್ಕೇ ಬಂದಿದೀನಿ.”

ನಾನು ತೋಡಿದ ಗುಂಡಿ, ನಾನೇ ಅದರ ಅಂಚಿನಲ್ಲಿ ನಿಂತಿದ್ದೆ. ಎದ್ದೆ. ಕೂತವರೆಲ್ಲ ಅಗಿಯುವುದನ್ನು ನಿಲ್ಲಿಸಿ ನೋಡಿದರು. ಕಿರಣಣ್ಣ ನನ್ನ ಎದುರು ಬಂದ. ಅವನ ಮುಖದಲ್ಲಿ ಅವತ್ತಿನ ದರ್ಪ ಇರಲಿಲ್ಲ. “ಹೇಳು ಸುಧಾ. ನಂಗೂ ಒಂದೊಂದ್ಸಲ ಅನ್ಸಿದೆ. ನಮ್ಮ ಶೆಡ್ಡಲ್ಲಿ ಹುಡುಗ್ರು ಏನಾದ್ರೂ ಎಡವಟ್ಟು ಮಾಡಿದ್ರೆ ಹೇಳು. ನಾನು ಇಲ್ಲೇ ತಪ್ಪು ಒಪ್ಕೋತೀನಿ.”

ಒಂದು ತಿಂಗಳಿಂದ ನಾನು ಕೇಳಬೇಕೆಂದು ಹಂಬಲಿಸಿದ ಮಾತು. ಕಿತ್ತುಕೊಳ್ಳಬೇಕೆಂದಿದ್ದನ್ನು ಅವನೇ ಕೈಗೆ ಇಡುತ್ತಿದ್ದ. ಹೂಂ ಅಂದರೆ ಸಾಕಿತ್ತು. ಆದರೆ ಏನು ಎಡವಟ್ಟು ಅಂತ ಮುಂದಿನ ಪ್ರಶ್ನೆ ಬರುತ್ತಿತ್ತು, ಎಣ್ಣೆಯ ಮಾತು ಬರುತ್ತಿತ್ತು. ಪಕ್ಕದಲ್ಲಿ ಅವ್ವ ಸ್ಟೂಲಿನ ಮೇಲೆ ಕಾಲಿಟ್ಟು, ಕತ್ತು ನೆಟ್ಟಗೆ ಮಾಡಿ ಕೂತಿದ್ದಳು.

“ಏನೂ ಸಿಗಲಿಲ್ಲ. ಬ್ರೇಕ್ ಸರಿಯಾಗೇ ಇತ್ತು” ಎಂದೆ. “ನಾನೇ ಎಳೆದಿರಲಿಲ್ಲ. ಮರೆತಿದ್ದೆ.”

ಕಿರಣಣ್ಣ ನನ್ನನ್ನೇ ನೋಡಿದ. ಗೆದ್ದೆ ಅಂತ ಕೂಗುತ್ತಾನೆ ಅಂದುಕೊಂಡೆ. “ಆಯ್ತು ಬಿಡು. ಮನುಷ್ಯರು ಅಂದ್ಮೇಲೆ ಮರೆವು ಇದ್ದಿದ್ದೇ. ನಾನೂ ಅವತ್ತು ಹಂಗೆ ಕೂಗ್ಬಾರ್ದಿತ್ತು” ಎಂದು ತಟ್ಟೆಯಿಂದ ಎಲೆಅಡಿಕೆ ತೆಗೆದು ನನ್ನ ಕೈಗಿಟ್ಟ. ಅವನು ನನ್ನನ್ನು ಕ್ಷಮಿಸಿದ! ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವ್ವ ನನ್ನ ಕಡೆ ನೋಡಲಿಲ್ಲ. ಅವನ ಕೈ ಹಿಡಿದುಕೊಂಡಳು. “ನನ್ನದು ತಪ್ಪಾಯ್ತು ಕಣಪ್ಪ ಕಿರಣ. ಇವಳ ಮಾತು ನಂಬಿ ಬಂದವರ ಹತ್ರ ಎಲ್ಲ ನಿನ್ನ ಬೈದೆ.”

ಮಳೆಯಲ್ಲೇ ಸುಂಟಿಕೊಪ್ಪ ದಾಟಿದೆವು. ಕೇಬಲ್ ತುಂಡಾಗಿತ್ತು, ಹಳೇ ಗಾಡಿ, ಯಾರ ತಪ್ಪೂ ಅಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ಬುದ್ಧಿ ಬರುವುದು ಯಾವಾಗಲೂ ಪೇಟೆ ದಾಟಿದ ಮೇಲೆ. ಆಮೇಲೆ ಅವ್ವ, “ಆಸ್ಪತ್ರೆಗೆ ಹೋಗೋವಾಗಲೂ ನನ್ನ ಕಣ್ಣು ನೋಡ್ಕಂಡು ಸುಳ್ಳು ಹೇಳಿದ್ಯಲ್ಲೇ” ಎಂದಳು. ನಾನು ವೈಪರ್ ಜೋರು ಮಾಡಿದೆ.

ನನ್ನನ್ನು ನಂಬುತ್ತಿದ್ದವಳು ಅವಳೊಬ್ಬಳೇ ಇದ್ದಳು. ಬರೆದುಬಿಟ್ಟಿದ್ದೇನೆ, ಇನ್ನು ಮಲಗಬೇಕು.

ಜೂನ್ ೧೦, ಮಂಗಳವಾರ

ಮಡಿಕೇರಿಯಲ್ಲಿ ಅವ್ವನ ಪ್ಲಾಸ್ಟರ್ ತೆಗೆಸಿದೆ. ಮೂಳೆ ಚೆನ್ನಾಗಿ ಕೂಡಿದೆ ಎಂದರು ಡಾಕ್ಟರು. ಕೋಲು ಹಿಡಿದು ನಡೆಯಬಹುದಂತೆ.

ಭಾನುವಾರದಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟ ಬೇಕಾದರೆ ಬೆಕ್ಕಿಗೆ ಹೇಳುವಂತೆ ಹೇಳುತ್ತಿದ್ದಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗಲೂ ಇಡೀ ದಾರಿ ಹೊರಗೆ ನೋಡುತ್ತಾ ಕೂತಿದ್ದಳು. ಮಡಿಕೇರಿಯಲ್ಲಿ ಸಮನೆಲ ಅನ್ನುವುದು ಎಲ್ಲಿದೆ? ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸಿ ಬ್ರೇಕ್ ಎಳೆದೆ.

“ಎಳೆದ್ಯಾ?” ಎಂದಳು ಅವ್ವ.

“ಎಳೆದೆ ಅವ್ವ.”

ನಂಬಲಿಲ್ಲ. ಸೀಟಿನಲ್ಲಿ ಹೊರಳಿ, ಎರಡೂ ಕೈಯಲ್ಲಿ ಲಿವರ್ ಹಿಡಿದು, ಉಸಿರು ಕಟ್ಟಿ ಅದರ ಇನ್ನೊಂದು ಹಲ್ಲಿನಷ್ಟು ಮೇಲಕ್ಕೆಳೆದಳು. ಕಟ್ ಎಂದಿತು. ಉಸಿರು ಬಿಟ್ಟು, “ಈಗ ಸರಿ ಆಯ್ತು. ಇನ್ಮೇಲೆ ಇದು ನನ್ನ ಕೆಲಸ. ನಿನ್ನ ನಂಬಿದ್ರೆ ಇನ್ನೊಂದು ಕಾಲೂ ಹೋಗುತ್ತೆ” ಎಂದಳು. ಬೈಗುಳವಾದರೇನು, ಮಾತು ಮಾತೇ.

“ಹಂಗೇ ಆಗ್ಲಿ” ಎಂದೆ.

ವಾಪಸ್ ಬರುವಾಗ ಬಾಳೆಹಣ್ಣಿಗೆ ಅಂತ ಒಂದು ಕಡೆ ನಿಲ್ಲಿಸಿದೆ. ಮನೆಯಲ್ಲಿ ಬಾಳೆಹಣ್ಣು ಇತ್ತು. ಸೂಜಿ ತೆಗೆದುಕೊಳ್ಳಬೇಕು ಅಂತ ಇನ್ನೊಂದು ಕಡೆ ನಿಲ್ಲಿಸಿದೆ. ಮಾದಾಪುರಕ್ಕೆ ಬರುವಷ್ಟರಲ್ಲಿ ಏರು ಕಂಡಲ್ಲೆಲ್ಲ ಏನಾದರೊಂದು ನೆಪ ಸಿಕ್ಕಿತು. ನಿಲ್ಲಿಸಿದಾಗಲೆಲ್ಲ ನಾನು ಕೈ ಕಟ್ಟಿಕೊಂಡು ಕೂತೆ, ಅವ್ವ ಎಳೆದಳು.